ಚಳಿಯೂಟ

ಮತ್ತೆ ಸೀನಿದಳು ನಾದಿನಿ, ಇನ್ನೂ ಕಿಟಕಿಯನ್ನೇ ತೆಗೆದಿಲ್ಲ, ಆಗಲೇ ಸೀನು, ಬೆಚ್ಚಗಿನ ನಡುಮನೆಯಲ್ಲಿ ಕೋಟು ತೊಟ್ಟು, ಕೋಟಿನ ಮೇಲೆ ಶಾಲು ಹೊದ್ದು, ಎಲ್ಲದರ ಮೇಲೆ ಮಹಾತ್ಯಾಗಕ್ಕೆ ಹೊರಟವಳ ಮುಖ ಹೊತ್ತು ಕೂತಿದ್ದಾಳೆ, ಶಾಲೆಯಲ್ಲಿ ಟೀಚರಲ್ಲವೇ, ಸೀನಿದರೂ ಕೊನೆಯ ಬೆಂಚಿನವರೆಗೆ ಕೇಳಿಸಬೇಕು — ಆ ಸದ್ದಿಗೆ ಬಟ್ಟಲಿನ ಮೀನು ನಡುಗಿತು, ಅಡುಗೆಮನೆಯಲ್ಲಿ ಸೊಸೆ ಬಟ್ಟಲನ್ನು ದೊಡ್ಡ ತಟ್ಟೆಯ ಮೇಲೆ ಬೋರಲು ಹಾಕಿ ತಳಕ್ಕೆ ಎರಡು ಗುದ್ದು ಗುದ್ದಿದಳು, ಪೊಚಕ್ಕನೆ ಇಳಿದು ಕೂತಿತು ದರಿದ್ರ, ಇಳಿದ ಮೇಲೂ ನಡುಗುತ್ತಲೇ ಇತ್ತು. ಬೆಳಿಗ್ಗೆಯೇ ಮೀನಿನ ತಲೆ, ಬಾಲ, ಮುಳ್ಳು ಎಲ್ಲ ಹಾಕಿ ಕುದಿಸಿ, ಸೋಸಿ, ಆ ನೀರಿನಲ್ಲಿ ಬೆಂದ ತುಂಡುಗಳನ್ನು ಮುಳುಗಿಸಿ ಕಿಟಕಿಯ ಹೊರಗಟ್ಟೆಯ ಮೇಲಿಟ್ಟರೆ ಸಂಜೆಯ ಹೊತ್ತಿಗೆ ಹೀಗೆ ಗಟ್ಟಿ ಲೋಳೆ, ಉಪ್ಪು ಬಿಟ್ಟರೆ ಇನ್ನೊಂದು ರುಚಿಯಿಲ್ಲ, ಅವಳಿಗೆ ಕಂಡರಾಗದು, ಐದು ವರ್ಷದವಳಿದ್ದಾಗಲೂ ಆಗುತ್ತಿರಲಿಲ್ಲ, ಈಗ ಕೂದಲೆಲ್ಲ ನರೆತ ಮೇಲೂ ಆಗದು, ಆದರೆ ಮಾಡುವವಳು ಯಾರು, ಅವಳೇ, ಬೀದಿಯ ಬಾಯಲ್ಲಿ ಅವಳು ಯುರೋಪಿನ ಸೊಸೆ, ಬಂದು ಹತ್ತಿರ ಹತ್ತಿರ ಮೂವತ್ತು ವರ್ಷವಾಯಿತು, ಮಾರ್ಕೆಟ್ಟಿನಲ್ಲಿ ಚೌಕಾಸಿಗೆ ನಿಂತರೆ ಇಲ್ಲೇ ಹುಟ್ಟಿದವರನ್ನು ನಾಲ್ಕು ಮಾತಲ್ಲಿ ಕೂರಿಸುತ್ತಾಳೆ, ಆದರೂ ಯುರೋಪಿನ ಸೊಸೆ, ಮತ್ತು ಯುರೋಪಿನ ಸೊಸೆ ಅಂದ ಮೇಲೆ ವರ್ಷಕ್ಕೊಂದು ಸಲ, ಚಳಿಗಾಲದ ಅತಿ ದೊಡ್ಡ ರಾತ್ರಿ ಬಂತೆಂದರೆ, ಅವಳ ತವರಿನ ಹಬ್ಬ ಈ ಮನೆಯಲ್ಲಿ ನಡೆಯಲೇಬೇಕು, ಕಿಟಕಿ ತೆಗೆಯಲೇಬೇಕು, ನಡುಗುವ ಮೀನು ನಡುಗುತ್ತಾ ಬರಲೇಬೇಕು. ಚಳಿಯೂಟ ಅಂತ ಅದಕ್ಕೆ ಹೆಸರಿಟ್ಟವರು ಅತ್ತೆ.

ತವರಿನ ಹಬ್ಬವಂತೆ, ಹಬ್ಬ, ಅಪ್ಪನನ್ನು ನೋಡಿದ್ದರೆ ಗೊತ್ತಾಗುತ್ತಿತ್ತು ಇವರಿಗೆ, ಅಂಚೆ ಕಚೇರಿಗೆ ದೊಡ್ಡ ಸಾಹೇಬ, ಊರಿಗೂ ತಾನೇ ದೊಡ್ಡ ಸಾಹೇಬ ಅಂತ ಅವನ ಎಣಿಕೆ, ಆ ದಿನ ಒಲೆ ಆರಿಸಬೇಕು, ಅಷ್ಟೂ ಕಿಟಕಿ ತೆಗೆದಿಡಬೇಕು, ಹಿಮದ ಗಾಳಿ ಸೀದಾ ಊಟದ ಮೇಜಿನ ಮೇಲೆ ನುಗ್ಗಬೇಕು, ಎಲ್ಲರೂ ಕೋಟು ಟೋಪಿ ಹಾಕಿಕೊಂಡು ಕೂತು ತಣ್ಣನೆಯ ಮೀನು ತಿನ್ನಬೇಕು, ಮನೆಯಿಲ್ಲದವರ ಚಳಿ ಮನೆಯಿದ್ದವರಿಗೂ ಒಂದು ಹೊತ್ತು ಗೊತ್ತಾಗಲಿ ಅಂತ, ಮನೆಯ ಹಿರಿಯರು ಮುಚ್ಚಿ ಅಂದ ಮೇಲೆಯೇ ಕಿಟಕಿ ಮುಟ್ಟಬೇಕು — ಕೇಳುವುದಕ್ಕೆ ಎಷ್ಟು ಚೆಂದ, ಆಹಾ, ಆದರೆ ಮನೆಯಿಲ್ಲದವನೊಬ್ಬ ಅದೇ ರಾತ್ರಿ ಗೇಟಿನ ಹತ್ತಿರ ಬಂದು ನಿಂತರೆ ಅಪ್ಪ ನಾಯಿ ಬಿಡುತ್ತಿದ್ದ, ಅವನ ಕಣ್ಣೆಲ್ಲ ಎದುರುಮನೆ ವಕೀಲನ ಕಿಟಕಿಯ ಮೇಲೆ, ವಕೀಲನ ಕಣ್ಣು ಅಪ್ಪನ ಕಿಟಕಿಯ ಮೇಲೆ, ಯಾರದು ಕೊನೆಗೆ ಮುಚ್ಚುತ್ತದೋ ಅವರೇ ಆ ವರ್ಷ ಬೀದಿಗೆ ದೊಡ್ಡ ಮನುಷ್ಯರು, ಮಾರನೆಯ ದಿನ ಪ್ರಾರ್ಥನೆಗೆ ಹೋದಾಗ ಎದೆ ಉಬ್ಬಿಸಿಕೊಂಡು ಮುಂದಿನ ಸಾಲಿನಲ್ಲಿ ಕೂರಬಹುದು. ಒಂದು ವರ್ಷ ತಮ್ಮನಿಗೆ ಜ್ವರ, ಅಮ್ಮನ ತೊಡೆಯ ಮೇಲೆ ಕೂತು ಕಿವಿ ಹಿಡಿದುಕೊಂಡು ಅಳುತ್ತಿದ್ದಾನೆ, ಅಪ್ಪಾ ಸಾಕು ಮುಚ್ಚೋಣ ಅಂದವಳು ಇವಳೇ, ಅಪ್ಪ ಇವಳ ಕಡೆ ತಿರುಗಲೂ ಇಲ್ಲ, ವಕೀಲರ ಮನೇದು ಇನ್ನೂ ತೆಗೆದಿದೆ, ನಾವೇನು ಅವರಿಗಿಂತ ಕಡಿಮೆಯಾ ಅಂದ, ಅಮ್ಮ ಬಾಯಿ ಹೊಲಿದುಕೊಂಡು ಕೂತಿದ್ದಳು, ಗೆದ್ದೆವು, ಆ ವರ್ಷ ನಾವೇ ಗೆದ್ದೆವು, ತಮ್ಮನ ಎಡಗಿವಿ ಹೋಯಿತು. ಅಪ್ಪ ಹೋದ ಮೇಲೆ ಈಗ ಆ ತಮ್ಮನೇ ಅಲ್ಲಿನ ಹಿರಿಯ, ಅದೇ ಬೀದಿಯಲ್ಲಿ ಬೇರೆ ಮನೆ ಮಾಡಿಕೊಂಡಿದ್ದಾನೆ, ಫೋನಿನಲ್ಲಿ ಕಿರಿಚಿ ಮಾತಾಡುತ್ತಾನೆ, ಅಕ್ಕಾ, ಈ ಸಲವೂ ನಮ್ಮ ಕಿಟಕಿಯೇ ಕೊನೆಗೆ ಮುಚ್ಚಿದ್ದು ಅಂತ ಹೆಮ್ಮೆಯಿಂದ ವರದಿ ಒಪ್ಪಿಸುತ್ತಾನೆ, ಥೂ, ಬುದ್ಧಿ ಬರುವುದಾದರೆ ಒಂದು ಕಿವಿ ಹೋದ ಮೇಲಾದರೂ ಬರಬೇಕಿತ್ತು. ಆ ಊರಿನಿಂದ ತಪ್ಪಿಸಿಕೊಂಡು ಬಂದವಳು ಅವಳು, ಬಂದವಳಲ್ಲ, ಓಡಿದವಳು, ಓದಲು ಬಂದಿದ್ದ ಕನ್ನಡಕದ ಅಂಗಡಿಯವರ ಮಗ ಒಬ್ಬ ಸಿಕ್ಕಿದ, ಕೈ ಹಿಡಿದುಕೊಂಡಳು, ಹಿಂದೆ ತಿರುಗಿ ನೋಡಲಿಲ್ಲ, ತಿರುಗಿ ನೋಡುವಂಥದ್ದು ಏನಿತ್ತು ಅಲ್ಲಿ.

ಹಾಗಾದರೆ ಈ ಮೀನು ಇಲ್ಲಿಗೆ ಹೇಗೆ ಬಂತು, ಅವಳೇ ತಂದದ್ದು, ಇನ್ಯಾರು ತರುತ್ತಾರೆ, ಮದುವೆಯಾಗಿ ಬಂದ ಮೊದಲ ಚಳಿಗಾಲ, ಮಾತು ನೆಟ್ಟಗೆ ಬರುತ್ತಿರಲಿಲ್ಲ, ಅತ್ತೆ ಪಕ್ಕದಲ್ಲಿ ಕೂರಿಸಿಕೊಂಡು ಬಟಾಣಿ ಸುಲಿಯುತ್ತಾ ಕೇಳಿದರು, ನಿಮ್ಮನೇಲಿ ಈ ಕಾಲದಲ್ಲಿ ಏನು ಮಾಡ್ತಾರೆ ಮಗಳೇ, ಏನೂ ಇಲ್ಲ ಅನ್ನಬಹುದಿತ್ತು, ಅಂದಿದ್ದರೆ ಮುಗಿದಿತ್ತು, ಆದರೆ ಪಕ್ಕದಲ್ಲೇ ನಾದಿನಿ, ಆಗಿನ್ನೂ ಕಾಲೇಜಿಗೆ ಹೋಗುವ ಹುಡುಗಿ, ಈ ಅತ್ತಿಗೆಗೆ ಹಿಂದೆ ಮುಂದೆ ಯಾರಾದರೂ ಇದ್ದಾರೋ ಇಲ್ಲವೋ ಅಂತ ಅಳೆಯುವ ಕಣ್ಣು, ಅದನ್ನು ಕಂಡು ರೋಷ ಬಂತು, ನಮಗೂ ಒಂದು ಮನೆ ಇತ್ತು, ನಮಗೂ ಒಂದು ಸಂಪ್ರದಾಯ ಇತ್ತು ಅಂತ ತೋರಿಸಬೇಕಿತ್ತು, ಗೊತ್ತಿದ್ದ ಹತ್ತಿಪ್ಪತ್ತು ಮಾತಿನಲ್ಲಿ ಬಣ್ಣ ಕಟ್ಟಿ ಕಟ್ಟಿ ಹೇಳಿದಳು, ಕಿಟಕಿ, ಗಾಳಿ, ಮೀನು, ಎಲ್ಲರೂ ಒಟ್ಟಿಗೆ, ಅಪ್ಪನನ್ನೂ ಸೇರಿಸಿದಳು, ವಕೀಲನನ್ನು ಬಿಟ್ಟಳು, ನಾಯಿಯನ್ನು ಬಿಟ್ಟಳು, ತಮ್ಮನ ಕಿವಿಯನ್ನು ಬಿಟ್ಟಳು. ಎರಡು ದಿನ ಬಿಟ್ಟು ಕೆಳಗಿನ ಕನ್ನಡಕದ ಅಂಗಡಿಯಿಂದ ಮೇಲೆ ಬಂದರೆ ಮನೆಯ ಕಿಟಕಿಗಳೆಲ್ಲ ಹಾರುಹೊಡೆದಿವೆ, ಅತ್ತೆ ಮೂಗಿಗೆ ಸೆರಗು ಕಟ್ಟಿಕೊಂಡು ಮೀನು ತೊಳೆಯುತ್ತಿದ್ದಾರೆ, ಬಾ ತಾಯಿ, ತವರು ದೂರ ಆಯ್ತು ಅಂತ ಅಂದ್ಕೋಬೇಡ, ಇಲ್ಲೇ ಮಾಡೋಣ, ಹೇಗೆ ಅಂತ ನೀ ಹೇಳ್ತಾ ಹೋಗು. ಸರಿ ಒಂದು ವರ್ಷ ತಾನೇ ಅಂದುಕೊಂಡಳು, ಮುಂದಿನ ವರ್ಷ ಅತ್ತೆ ವಾರಕ್ಕೆ ಮೊದಲೇ ಮೀನಿಗೆ ಹೇಳಿದ್ದರು, ಅದರ ಮುಂದಿನ ವರ್ಷ ಗಂಡ ಹಳೆಯ ಕಿಟಕಿಗಳ ಸಂದಿಗೆ ಎಣ್ಣೆ ಬಿಟ್ಟು ಸರಾಗ ಮಾಡಿಟ್ಟಿದ್ದ, ಆಮೇಲೆ ಅದು ಮನೆಯ ನಡತೆಯೇ ಆಗಿಹೋಯಿತು, ಅವಳು ಇವರ ಮನಸ್ಸು ನೋಯಬಾರದೆಂದು ಮಾಡುತ್ತಾಳೆ, ಇವರು ಅವಳ ಮನಸ್ಸು ನೋಯಬಾರದೆಂದು ನಡುಗುತ್ತಾರೆ, ವರ್ಷಾ ವರ್ಷಾ ಮನೆಮಂದಿಗೆಲ್ಲ ನೆಗಡಿ. ಒಂದು ಸಲ ಅಲ್ಲೇ ಹಬ್ಬವಿದೆ ಅಂತ ನೆಪ ಮಾಡಿಕೊಂಡು ಮನೆಯ ಊಟ ತಪ್ಪಿಸೋಣವೆಂದು ಊರಿನ ಪರದೇಶದವರ ಸಂಘಕ್ಕೆ ಹೋಗಿದ್ದಳು, ಅಲ್ಲಿ ಇನ್ನೂ ಚೆಂದ, ಪ್ಲಾಸ್ಟಿಕ್ಕಿನ ಮರಕ್ಕೆ ಹತ್ತಿ ಅಂಟಿಸಿ ಹಿಮ ಅಂದರು, ಸಂಘದ ಅಧ್ಯಕ್ಷೆ ಹಾಡು ಶುರುವಾಗುವ ಮುಂಚೆಯೇ ಕರವಸ್ತ್ರ ತೆಗೆದು ರೆಡಿಯಾಗಿ ಕೂತಳು, ನಮ್ಮ ಕಡೆಯ ಚಳಿಯೇ ಚಳಿ ಅಂತ ಗೋಳಾಡಿದಳು, ಆ ಚಳಿಗೆ ಹೆದರಿ ಇಲ್ಲಿ ಬಂದು ಹೀಟರಿನ ಮುಂದೆ ಕಾಲು ಚಾಚಿ ಕೂತವಳು, ಮೂರು ಜನ ಆಳುಗಳನ್ನಿಟ್ಟುಕೊಂಡು ತವರಿನ ಬಡತನ ನೆನೆಸಿಕೊಂಡು ಅಳುವವಳು, ಹಾಡು ಎರಡನೇ ಸಾಲಿಗೆ ಬರುವಷ್ಟರಲ್ಲಿ ಸೊಸೆ ಕೋಟು ಎತ್ತಿಕೊಂಡು ಹೊರಬಿದ್ದಳು, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮನೆಗೆ ಬಂದರೆ ಎಲ್ಲರೂ ಕೋಟು ಹಾಕಿಕೊಂಡು ಅವಳಿಗಾಗಿ ಕಾಯುತ್ತಾ ಕೂತಿದ್ದರು.

ಎಲ್ಲ ಹಾಳಾಗಲಿ, ವರ್ಷಕ್ಕೊಂದು ಹೊತ್ತು, ಅನುಭವಿಸಿದರೆ ಮುಗಿಯಿತು ಅಂತ ಇದ್ದಳು ಇವತ್ತು ಮಧ್ಯಾಹ್ನದವರೆಗೆ, ಕೆಳಗೆ ಅಂಗಡಿಯಲ್ಲಿ ಸಾಣೆಯ ಕಲ್ಲಿನ ಮುಂದೆ ಕೂತು ಒಂದು ದಪ್ಪ ಗಾಜಿನ ಅಂಚು ತೇಯುತ್ತಿದ್ದಳು, ಕಲ್ಲಿನ ಮೇಲೆ ನೀರು ಸಣ್ಣಗೆ ಸುರಿಯುತ್ತಿರುತ್ತದೆ, ಬೆರಳ ಸಂದಿಯಲ್ಲೆಲ್ಲ ಬಿಳಿ ಕೆಸರು, ಗಾಜನ್ನು ತಿರುಗಿಸುತ್ತಾ ತಿರುಗಿಸುತ್ತಾ ಚೌಕಟ್ಟಿಗೆ ಇಟ್ಟು ನೋಡುವುದು, ಇನ್ನೊಂದು ಕೂದಲೆಳೆ ತೇಯುವುದು, ಟಕ್ ಅಂತ ಕೂತಿತು ಅಂದರೆ ಆ ಸುಖವೇ ಬೇರೆ, ಈ ಬೀದಿಯ ಅರ್ಧ ಮೂಗುಗಳ ಮೇಲೆ ಅವಳು ಕೂರಿಸಿದ ಗಾಜೇ ಇದೆ, ಯಾರ ಕಿವಿ ಮೇಲೆ, ಯಾರ ಕಿವಿ ಕೆಳಗೆ, ಯಾರ ಕನ್ನಡಕದ ಕಡ್ಡಿಯನ್ನು ಎಷ್ಟು ಬಗ್ಗಿಸಬೇಕು ಅಂತ ಕೈಗೆ ಗೊತ್ತು — ಆಗ ಬಂದ ಪಕ್ಕದ ಔಷಧಿ ಅಂಗಡಿಯವನು, ಕೈಯಲ್ಲಿ ಟೇಪು, ಹಲ್ಲು ಕಿರಿದುಕೊಂಡು ಗೋಡೆ ಅಳೆಯಲು ಶುರು ಮಾಡಿದ. ಏನ್ರೀ ಇದು ಅಂದಳು. ನಮ್ಮ ಔಷಧಿ ಕಪಾಟು ಇಲ್ಲಿ ಕೂರತ್ತಾ ಅಂತ ನೋಡ್ತಿದ್ದೆ ಮೇಡಂ, ನಾಳೆ ಬೆಳಿಗ್ಗೆ ಬರೆದುಕೊಡ್ತಾರಲ್ಲ ಸಾರ್ ಅಂದ. ಏನು ಬರೆದುಕೊಡ್ತಾರೆ ಅಂದಳು. ಅಯ್ಯೋ ನಿಮಗೆ ಹೇಳಿಲ್ವಾ, ಸಾಯಲಿ, ನಾನೇ ಬಾಯಿ ಬಿಟ್ಟೆ ನೋಡಿ, ಅಂಗಡಿ ಮನೆ ಎಲ್ಲ ಕೊಟ್ಟು ನಿಮ್ಮನ್ನ ನಿಮ್ಮೂರಿಗೆ ಕರ್ಕೊಂಡು ಹೋಗ್ತಾರಂತಲ್ಲ, ನಿಮ್ಮ ತಂದೆಯವರ ಮನೆ ಖಾಲಿ ಇದೆಯಂತಲ್ಲ, ಇವತ್ತು ನಿಮ್ಮ ಹಬ್ಬದ ಊಟಕ್ಕೆ ಕೂತಾಗ ಹೇಳ್ತಾರಂತೆ, ನೀವು ಗೊತ್ತಿಲ್ಲದ ಹಾಗೇ ಇದ್ದುಬಿಡಿ ಮೇಡಂ, ಪುಣ್ಯವಂತೆ ನೀವು, ಯಾವ ಗಂಡ ಮಾಡ್ತಾನೆ ಈ ಕಾಲದಲ್ಲಿ. ಪುಣ್ಯವಂತೆ! ಗಾಜು ಕೈಜಾರಿ ಕಲ್ಲಿಗೆ ತಗುಲಿ ಮೂಲೆ ಚಕ್ಕೆ ಎದ್ದಿತು, ಇಷ್ಟು ವರ್ಷದಲ್ಲಿ ಇಂಥ ತಪ್ಪು ಅವಳ ಕೈಯಿಂದ ಆಗಿರಲಿಲ್ಲ. ಅವನು ಟೇಪು ಸುತ್ತಿಕೊಂಡು ಹೋದ ಮೇಲೂ ಕಲ್ಲು ತಿರುಗುತ್ತಲೇ ಇತ್ತು, ಅವಳು ನಿಲ್ಲಿಸಲು ಮರೆತಿದ್ದಳು, ಈ ಕಲ್ಲು, ಈ ಸ್ಟೂಲು, ಗಾಜುಗಳ ಈ ಪೆಟ್ಟಿಗೆ, ಗೋಡೆಯ ಮೇಲಿನ ಅಕ್ಷರದ ಹಲಗೆ, ಇದು ತಾನೇ ಅವಳ ಮನೆ, ಅಲ್ಲಿಗೆ ಹೋದರೆ ಅವಳು ಏನು, ಅಂಚೆ ಸಾಹೇಬರ ಮಗಳು, ಕಿವುಡನ ಅಕ್ಕ, ಅಪ್ಪನ ಊಟದ ಕೋಣೆಯಲ್ಲಿ ಅಪ್ಪನ ಮೇಜಿನ ಮುಂದೆ ಕೂತು ಸಾಯುವವರೆಗೆ ವಕೀಲನ ಮಕ್ಕಳ ಕಿಟಕಿ ನೋಡುತ್ತಿರಬೇಕು.

ಏನ್ ಘಮಘಮ ಅಂತಾ ಇದೆ ಅಂದ ಗಂಡ, ಈಗ ಅಡುಗೆಮನೆ ಬಾಗಿಲಲ್ಲಿ ನಿಂತು, ಘಮಘಮವಂತೆ, ಹೆಣದ ವಾಸನೆಗೆ ಘಮಘಮ ಅನ್ನುವ ಮೂಗು ಅದು, ಹೊಸ ಸ್ವೆಟರು ಹಾಕಿಕೊಂಡಿದ್ದಾನೆ, ಕೆನ್ನೆ ನುಣ್ಣಗೆ ಬೋಳಿಸಿಕೊಂಡಿದ್ದಾನೆ, ಗುಟ್ಟು ಹೊತ್ತವನ ಸಂಭ್ರಮ ಮುಖದಲ್ಲಿ ಹಿಡಿಸುತ್ತಿಲ್ಲ, ಏನೋ ಗುನುಗುತ್ತಾ ಅವಳ ಹಿಂದೆ ಮುಂದೆ ಸುಳಿಯುತ್ತಾನೆ, ಉಪ್ಪಿನ ಡಬ್ಬಿ ಎತ್ತುತ್ತಾನೆ, ಇಡುತ್ತಾನೆ, ಇಡೀ ಊರಿನ ಕಣ್ಣು ಪರೀಕ್ಷೆ ಮಾಡುವ ಮಹಾಶಯ, ಹೆಂಡತಿಯ ಮುಖ ಮಾತ್ರ ಇವತ್ತಿಗೂ ಓದಲು ಬರಲಿಲ್ಲ. ಈಗಲೇ ಹೇಳಿಬಿಡಬೇಕು, ರೀ ಇಲ್ಲಿ ಕೇಳಿ, ನನಗೆ ಎಲ್ಲ ಗೊತ್ತಾಗಿದೆ, ನಾನು ಬರಲ್ಲ, ಅಷ್ಟೇ, ಎರಡು ಮಾತು, ಬಾಯಿ ತೆಗೆದಳು ಕೂಡ, ರೀ ಅಂದಳು, ಏನು ಅಂದ, ಅವನ ಕಣ್ಣು ಹೊಳೆಯಿತು, ಮಕ್ಕಳು ಬೆನ್ನ ಹಿಂದೆ ಏನೋ ಬಚ್ಚಿಟ್ಟುಕೊಂಡು ನಿಲ್ಲುತ್ತಾರಲ್ಲ ಹಾಗೆ, ಆ ತಟ್ಟೆ ತೊಗೊಂಡು ಹೋಗಿ ಅಂದಳು. ಹೇಡಿ, ಅವಳಂಥ ಹೇಡಿ ಇನ್ನೊಬ್ಬಳಿಲ್ಲ, ಬರಲ್ಲ ಅನ್ನುವುದು ಸುಲಭ, ಆದರೆ ಯಾಕೆ ಅಂತ ಕೇಳಿದರೆ, ಆ ಮನೆ ಕಂಡರೆ ನನಗೆ ಆಗುವುದಿಲ್ಲ ಅನ್ನಬೇಕು, ಹಾಗಾದರೆ ಚಳಿಯೂಟ ಅಂದರೆ, ಅದೂ ಆಗುವುದಿಲ್ಲ ಅನ್ನಬೇಕು, ಹಾಗಾದರೆ ನಮ್ಮನ್ನು ಇಷ್ಟು ವರ್ಷ ಗಾಳಿಯಲ್ಲಿ ಯಾಕೆ ಕೂರಿಸಿದೆ ಅಂದರೆ ಯಾವ ಮುಖ ಇಟ್ಟುಕೊಂಡು ಉತ್ತರ ಕೊಡುವುದು. ನಡುಮನೆಯಿಂದ ನಾದಿನಿಯ ಪಾಠ ಕೇಳುತ್ತಿದೆ, ಅಮ್ಮಾ, ಹೆಂಗಸಿಗೆ ತವರು ಅಂದ್ರೆ ತವರೇ, ಎಷ್ಟು ವಯಸ್ಸಾದ್ರೂ ಜೀವ ಅಲ್ಲಿಗೇ ಎಳೆಯೋದು, ಪಾಪ ಅತ್ತಿಗೆ ಬಾಯಿಬಿಟ್ಟು ಒಂದು ದಿನ ಹೇಳಲಿಲ್ಲ ನೋಡು — ಹೇಳುವವಳು ಯಾರು, ನಾಲ್ಕು ಬೀದಿ ಆಚೆ ತವರಿಟ್ಟುಕೊಂಡು ದಿನಾ ಬಂದು ಕಾಫಿ ಕುಡಿದು ಹೋಗುವವಳು, ಇನ್ನು ಮೇಲೆ ಅತ್ತೆ ಅವಳ ಮನೆಯಲ್ಲಂತೆ ಇರುವುದು, ಇದನ್ನೂ ಔಷಧಿ ಅಂಗಡಿಯವನೇ ಹೇಳಿದ, ಅವಳ ಮನೆಯಲ್ಲಿ ಎಲ್ಲಿ, ಇಸ್ತ್ರಿ ಬಟ್ಟೆ ಗುಡ್ಡೆ ಹಾಕುವ ಆ ಕಿಟಕಿಯಿಲ್ಲದ ಕೋಣೆಯಲ್ಲಿ, ಅತ್ತೆ ಒಪ್ಪಿಕೊಂಡರಂತೆ, ನಗುನಗುತ್ತಾ ಒಪ್ಪಿಕೊಂಡರಂತೆ, ನಮಗೋಸ್ಕರ ಅವಳು ಇಷ್ಟು ವರ್ಷ ಸವೆದಳು, ಇನ್ನು ಅವಳಿಗೋಸ್ಕರ ನಾವು ಇಷ್ಟಾದರೂ ಮಾಡಬೇಡವಾ ಅಂದರಂತೆ. ಎಲ್ಲರಿಗೂ ಒಳ್ಳೆಯವರಾಗುವ ಚಟ ಈ ಮನೆಯಲ್ಲಿ, ಒಬ್ಬರಿಗಿಂತ ಒಬ್ಬರು ಒಳ್ಳೆಯವರು, ಈ ಒಳ್ಳೆಯತನದ ಕಾಟದಲ್ಲಿ ಒಬ್ಬರಿಗೂ ನೆಮ್ಮದಿಯಿಲ್ಲ. ಅವಳು ಕೋಟಿನ ಗುಂಡಿ ಹಾಕಿಕೊಂಡು, ಉಳಿದ ತಟ್ಟೆಗಳನ್ನು ಎತ್ತಿಕೊಂಡು ನಡುಮನೆಗೆ ಹೋದಳು.

ಕಿಟಕಿ ತೆಗೆಯುವುದು ಗಂಡನ ಕೆಲಸ, ಒಂದೊಂದೇ ಚಿಲಕ ಸರಿಸುತ್ತಾ ಬಂದ, ಗಾಳಿ ಒಳಗೆ ನುಗ್ಗಿತು, ಪರದೆ ಹಾರಿ ನಾದಿನಿಯ ತಲೆಯ ಮೇಲೆ ಬಿತ್ತು, ಅವಳು ಸೀನಿದಳು, ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದ ಯಾರೋ ತಲೆಯೆತ್ತಿ ನೋಡಿ ಕೈಬೀಸಿದರು, ಯುರೋಪಿನ ಸೊಸೆಯ ಮನೆ, ವರ್ಷಕ್ಕೊಮ್ಮೆ ಇವರಿಗೆ ಹುಚ್ಚು ಹಿಡಿಯುತ್ತದೆ ಅಂತ ಬೀದಿಗೆಲ್ಲ ಗೊತ್ತು. ಅತ್ತೆಯನ್ನು ಈ ಸಲ ಗೋಡೆಯ ಮೂಲೆಗೆ ಕೂರಿಸಿದ್ದಾಳೆ ನಾದಿನಿ, ಗಾಳಿ ತಗುಲದಿರಲಿ ಅಂತ ಮೊಣಕಾಲಿಗೆ ಕಂಬಳಿ ಸುತ್ತಿ, ಮೇಜನ್ನು ಹೊಟ್ಟೆಯವರೆಗೆ ಒತ್ತಿ, ಎದ್ದೇಳುವುದಿರಲಿ ಮಿಸುಕುವ ಹಾಗೂ ಇಲ್ಲ, ಹಿರಿಯರು ಮೊದಲ ತುತ್ತು ತೆಗೆದುಕೊಳ್ಳಬೇಕಲ್ಲ, ಅತ್ತೆ ತಟ್ಟೆಗೆ ಕೈಮುಗಿದು ಒಂದು ದೊಡ್ಡ ತುಂಡು ಬಾಯಿಗೆ ಹಾಕಿಕೊಂಡರು, ಆಮೇಲೆ ಗಂಡ, ನಾದಿನಿ, ಕೊನೆಗೆ ಸೊಸೆ, ನಾಲಿಗೆಯ ಮೇಲೆ ಲೋಳೆ ಜಾರಿತು, ಕಣ್ಣು ಮುಚ್ಚಿ ಔಷಧಿಯ ಹಾಗೆ ನುಂಗಿದಳು, ಗಂಡ ಚಮಚ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡ, ಬಂತು. ನೋಡು ಅಂದ, ಇಷ್ಟು ವರ್ಷ ನೀನಾಗಿ ಒಂದು ಮಾತು ಕೇಳಲಿಲ್ಲ, ಆದ್ರೆ ಈ ದಿನ ಬಂತು ಅಂದ್ರೆ ನಿನ್ನ ಮುಖ ಹೇಗಾಗತ್ತೆ ಅಂತ ನಾನು ನೋಡ್ತಾನೇ ಬಂದಿದೀನಿ, ಸಾಕು, ನಾಳೆ ಅಂಗಡಿ ಬರೆದುಕೊಡ್ತಿದೀನಿ, ನಿನ್ನ ತಮ್ಮನ ಹತ್ರ ಎಲ್ಲ ಮಾತಾಡಿದೀನಿ, ನಿಮ್ಮಪ್ಪನ ಮನೆಗೆ ಸುಣ್ಣ ಬಣ್ಣ ಮಾಡಿಸ್ತಿದಾನೆ, ಮುಂದಿನ ಚಳಿಯೂಟ ಅಲ್ಲೇ, ನಿಮ್ಮಪ್ಪನ ಮೇಜಿನ ಮೇಲೇ, ನಿಜವಾದ ಹಿಮದ ಗಾಳಿಲಿ. ಹೇಳಿ ಮುಗಿಸುವಷ್ಟರಲ್ಲಿ ನಾದಿನಿ ಕಣ್ಣೊರೆಸಿಕೊಂಡಳು, ಅತ್ತಿಗೆ ಏನಾದ್ರೂ ಹೇಳಿ ಅತ್ತಿಗೆ ಅಂದಳು, ಎಲ್ಲರೂ ಅವಳನ್ನೇ ನೋಡುತ್ತಿದ್ದಾರೆ, ಅವಳು ಯಾರನ್ನೂ ನೋಡಲಾರದೆ ಅತ್ತೆಯ ಕಡೆ ತಿರುಗಿದಳು, ಅತ್ತೆ ಹೂಂ ಹೂಂ ಅಂತ ತಲೆಯಾಡಿಸುತ್ತಿದ್ದಾರೆ, ಬಾಯಿ ಮುಚ್ಚಿಕೊಂಡೇ, ಕಣ್ಣಲ್ಲಿ ನಗು, ಎಡಗೆನ್ನೆ ಉಬ್ಬಿದೆ.

ಉಬ್ಬಿದೆ, ಹಲ್ಲುನೋವೇ, ಅಲ್ಲ, ಆ ಉಬ್ಬು ಅಲ್ಲಾಡುತ್ತಿಲ್ಲ, ದವಡೆ ಆಡುತ್ತಿಲ್ಲ, ಗಂಟಲು ಏಳುತ್ತಿಲ್ಲ ಇಳಿಯುತ್ತಿಲ್ಲ, ಬಾಯಿಗೆ ಹಾಕಿಕೊಂಡ ಮೀನು ಹಾಗೇ ಕೆನ್ನೆಯಲ್ಲಿದೆ — ಏನೂ ಹೇಳಲ್ವಾ ಅಂತ ಗಂಡ ಕೇಳುತ್ತಿದ್ದಾನೆ, ಸಂತೋಷಕ್ಕೆ ಮಾತೇ ಹೊರಡ್ತಿಲ್ಲ ಬಿಡೋ ಅಣ್ಣ ಅನ್ನುತ್ತಿದ್ದಾಳೆ ನಾದಿನಿ — ಪ್ರತಿ ವರ್ಷ ಈ ಊಟದಲ್ಲಿ ಅತ್ತೆ ಮಾತಾಡುವುದಿಲ್ಲ, ಅಮ್ಮನಿಗೆ ಎಷ್ಟು ಶ್ರದ್ಧೆ ನೋಡು, ನಿಮ್ಮ ಹಬ್ಬ ಅಂತ ಮೌನ ಹಿಡೀತಾರೆ ಅಂತ ಗಂಡ ಹೇಳುತ್ತಿದ್ದ, ಪ್ರತಿ ವರ್ಷ ಅತ್ತೆ ನಡುವೆ ಎದ್ದು ಉಪ್ಪು ತರುತ್ತೇನೆಂದು ಕೈಸನ್ನೆ ಮಾಡಿ ಅಡುಗೆಮನೆಗೆ ಹೋಗುತ್ತಿದ್ದರು, ಉಪ್ಪು ಮೇಜಿನ ಮೇಲೇ ಇರುತ್ತಿತ್ತು, ಮುದುಕಿಗೆ ಮರೆವು ಅಂದುಕೊಳ್ಳುತ್ತಿದ್ದಳು ಇವಳು, ಅಡುಗೆಮನೆಯಲ್ಲಿ ನಲ್ಲಿಯ ಸದ್ದಾಗುತ್ತಿತ್ತು, ತಿರುಗಿ ಬಂದ ಮೇಲೆಯೇ ಮುಚ್ಚಿ ಅನ್ನುತ್ತಿದ್ದರು, ಹೌದು, ತಿರುಗಿ ಬಂದ ಮೇಲೆಯೇ, ಬಾಯಿ ಖಾಲಿಯಾದ ಮೇಲೆಯೇ, ಅಲ್ಲಿಯವರೆಗೆ ಮುಚ್ಚಿ ಅನ್ನಲು ಬಾಯೆಲ್ಲಿತ್ತು, ಅಲ್ಲಿಯವರೆಗೆ ಎಲ್ಲರೂ ಗಾಳಿಯಲ್ಲಿ ನಡುಗುತ್ತಾ ಕೂತಿರುತ್ತಿದ್ದರು, ಅತ್ತೆಗೆ ನಿಯಮ ಅಂದರೆ ನಿಯಮವೇ ಅಂದುಕೊಂಡು, ಒಂದು ದಿನವೂ ನುಂಗಿಲ್ಲ ಈ ಹೆಂಗಸು, ಮೂಗಿಗೆ ಸೆರಗು ಕಟ್ಟಿ ಮೀನು ತೊಳೆದ ಮೊದಲ ವರ್ಷದಿಂದ ಇವತ್ತಿನವರೆಗೆ ಒಂದೇ ಒಂದು ತುಂಡನ್ನೂ. ಇವತ್ತು ಎದ್ದೇಳಲಾರರು, ಕಂಬಳಿ ಸುತ್ತಿದೆ, ಮೇಜು ಒತ್ತಿದೆ, ಅಮ್ಮಾ ಸಾಕು ಮುಚ್ಚಿ ಅನ್ನಮ್ಮ, ಚಳಿ ತಡೆಯಕ್ಕಾಗ್ತಿಲ್ಲ ಅಂದಳು ನಾದಿನಿ, ಮತ್ತೆ ಸೀನಿದಳು, ಅತ್ತೆ ಹೂಂ ಅಂದರು, ತುಟಿ ತೆರೆಯಲಿಲ್ಲ, ಕೆನ್ನೆಯ ಉಬ್ಬು ಹಾಗೇ ಇದೆ, ತುಟಿ ನೀಲಿಗಟ್ಟುತ್ತಿದೆ, ಕಣ್ಣಲ್ಲಿ ನೀರು, ಆದರೂ ನಗು, ಸೊಸೆಯ ತವರಿಗೆ ಅಪಚಾರವಾಗಬಾರದು ನೋಡಿ, ಪ್ರಾಣ ಹೋದರೂ ಸರಿ, ಇಸ್ತ್ರಿ ಬಟ್ಟೆಯ ಕೋಣೆಗೆ ಹೋದರೂ ಸರಿ. ಅಪ್ಪಾ ಸಾಕು ಮುಚ್ಚೋಣ ಅಂದಾಗ ಅಮ್ಮ ಹೀಗೆಯೇ ಕೂತಿದ್ದಳು. ಕುರ್ಚಿ ಹಿಂದಕ್ಕೆ ಬಿತ್ತು, ಬಿದ್ದ ಸದ್ದು ಕೇಳಿಸಿದ ಮೇಲೆ ತಾನು ಎದ್ದಿದ್ದೇನೆ ಅಂತ ಅವಳಿಗೆ ಗೊತ್ತಾಯಿತು, ಮೇಜಿನ ಆ ಕಡೆಗೆ ಬಾಗಿ ಅಂಗೈ ಚಾಚಿದಳು, ಉಗೀರಿ ಅತ್ತೆ ಅಂದಳು. ಏಯ್ ಏನಾಯ್ತು ನಿನಗೆ ಅಂದ ಗಂಡ. ಉಗೀರಿ ಅಂದೆ, ಕೈಗೆ ಉಗೀರಿ, ನನಗೂ ಈ ಮೀನು ಆಗಲ್ಲ ಅತ್ತೆ, ಹುಟ್ಟಿದಾಗಿಂದ ಆಗಲ್ಲ, ಆ ಊರೂ ಆಗಲ್ಲ, ಆ ಮನೆಯೂ ಆಗಲ್ಲ, ನಾನು ಎಲ್ಲಿಗೂ ಹೋಗಲ್ಲ, ಅಂಗಡಿ ಬರೆದುಕೊಟ್ಟರೆ ಆ ಔಷಧಿಯವನ ಕಪಾಟಿನ ಮುಂದೆಯೇ ಸ್ಟೂಲು ಹಾಕ್ಕೊಂಡು ಕೂರ್ತೀನಿ, ಉಗೀರಿ. ಅತ್ತೆ ಮಗನ ಮುಖ ನೋಡಿದರು, ಮಗಳ ಮುಖ ನೋಡಿದರು, ಸೊಸೆಯ ಮುಖ ನೋಡಿದರು, ಮೆಲ್ಲಗೆ ತಲೆ ಬಗ್ಗಿಸಿ ಅವಳ ಅಂಗೈಗೆ ತುಟಿ ಹಚ್ಚಿದರು, ಆಮೇಲೆ ಇಷ್ಟುದ್ದದ ಒಂದು ಉಸಿರು ಬಿಟ್ಟು, ಅಬ್ಬಾ ತಾಯಿ, ಮೊದಲೇ ಹೇಳಬಾರದಾಗಿತ್ತಾ ಅಂದರು. ಮುಚ್ಚಿ ಅನ್ನಲು ಅವರಿಗೆ ಈಗ ಬಾಯಿ ಖಾಲಿ ಇದೆ, ಆದರೆ ಅನ್ನುವುದು ಮರೆತುಹೋಗಿದೆ, ನಾದಿನಿಗೆ ಸೀನುವುದು ಮರೆತುಹೋಗಿದೆ, ಕಿಟಕಿಗಳು ತೆರೆದೇ ಇವೆ, ಹಾಗಾದ್ರೆ ಇಷ್ಟು ವರ್ಷ ಅಂದ ಗಂಡ, ಹೊಸ ಸ್ವೆಟರಿನಲ್ಲಿ ಅವನು ಇದ್ದಕ್ಕಿದ್ದಂತೆ ಚಿಕ್ಕವನಾಗಿ ಕಾಣುತ್ತಿದ್ದಾನೆ, ಹಾಗಾದ್ರೆ ಇಷ್ಟು ವರ್ಷ, ಉತ್ತರ ಕೊಡಬೇಕು, ಬೈದಾದರೂ ಕೊಡಬೇಕು, ಬೆಪ್ಪ, ಕುರುಡ, ಎಷ್ಟೊಂದು ಬೈಗುಳ ಬಾಯಿ ತುದಿಯಲ್ಲಿ ಬಂದು ನಿಂತಿವೆ, ಯಾರಿಗೆ ಬೈಯುವುದು, ಮೊದಲು ಯಾರಿಗೆ, ಕೊರೆಯುವ ಗಾಳಿಯಲ್ಲಿ ಕೈಕಾಲೆಲ್ಲ ಮರಗಟ್ಟಿದೆ, ಅಂಗೈಯೊಂದು ಮಾತ್ರ ಬೆಚ್ಚಗಿದೆ, ಅಂಗೈಯಲ್ಲಿ ಮೀನಿನ ತುಂಡು, ಲೋಳೆಯೆಲ್ಲ ಕರಗಿಹೋಗಿ ಬರೀ ಮೀನು, ಅತ್ತೆಯ ಬಾಯಿಯ ಬಿಸಿಗೆ ಬೆಚ್ಚಗಾದ ಮೀನು, ಅದರ ಮೇಲೆ ಒಂದು ಹಲ್ಲಿನ ಗುರುತೂ ಇಲ್ಲ, ಇಡೀ ತುಂಡು, ಇಷ್ಟು ವರ್ಷ, ಬೆಚ್ಚಗೆ, ಇಡಿಯಾಗಿ —